ಹಳೆಯ ದಾಖಲೆ ಹೊಸ ವ್ಯವಸ್ಥೆಗೆ ಹೋಗುವ ಮುನ್ನ: ಆ ಸಿಎಸ್‌ವಿ ಫೈಲನ್ನು ಡಬಲ್ ಕ್ಲಿಕ್ ಮಾಡಬೇಡಿ

ಹತ್ತು ವರ್ಷದ ಎಕ್ಸೆಲ್ ಫೈಲುಗಳು, ಆವಕ-ಜಾವಕ ವಹಿಗಳು ಎಲ್ಲವನ್ನೂ ಹೊಸ ಆನ್‌ಲೈನ್ ವ್ಯವಸ್ಥೆಗೆ ಸಾಗಿಸುವ ಕೆಲಸ ನಿಮ್ಮ ಹೆಗಲಿಗೆ ಬಂದಿದೆ. ಎರಡು ಸಾಫ್ಟ್‌ವೇರ್‌ಗಳಲ್ಲಿ ಯಾವುದು ಮೇಲು, ಒಂದು ವಾರ ಸಾಕೇ ಎಂದು ಕೇಳಿದ್ದೀರಿ. ಇದೇ ಕೆಲಸ, ಇದೇ ಒಂದು ವಾರದ ಗಡುವು ನನಗೂ ಸಿಕ್ಕಿತ್ತು. ನಾನೂ ಮೊದಲ ನಾಲ್ಕು ದಿನ ಸಾಫ್ಟ್‌ವೇರ್ ಹೋಲಿಸುವುದರಲ್ಲೇ ಕಳೆದೆ. ಐದನೆಯ ದಿನ ಒಂದು ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದು, ಒಂದು ಕಾಲಂ ಸರಿಮಾಡಿ, ಉಳಿಸಿ ಮುಚ್ಚಿದೆ. ಆ ಒಂದು ನಿಮಿಷದ ಕೆಲಸವನ್ನು ಸರಿಪಡಿಸಲು ನಾಲ್ಕು ಜನಕ್ಕೆ ಏಳು ವಾರ ಹಿಡಿಯಿತು. ಆದ್ದರಿಂದ ಸಾಫ್ಟ್‌ವೇರ್ ಮಾತು ಕೊನೆಗಿರಲಿ, ಮೊದಲು ಆ ಫೈಲಿನ ವಿಷಯ.

ಹಳೆಯ ಪ್ರೋಗ್ರಾಂನಿಂದ ಹೊರತೆಗೆದ ಸಿಎಸ್‌ವಿ ಅದು. 18,000ಕ್ಕೂ ಮಿಕ್ಕಿ ಸಾಲುಗಳು. ಆವಕ ಸಂಖ್ಯೆ, ಪತ್ರ ಬಂದ ದಿನಾಂಕ, ಕಳುಹಿಸಿದವರು, ಖಾತೆ ಸಂಖ್ಯೆ, ಮೊತ್ತ, ಷರಾ ಎಂಬ ಆರು ಕಾಲಂ. ದಿನಾಂಕ ದಿನ-ತಿಂಗಳು-ವರ್ಷ ಕ್ರಮದಲ್ಲಿತ್ತು. ಹೊಸ ವ್ಯವಸ್ಥೆ ವರ್ಷ-ತಿಂಗಳು-ದಿನ ಕ್ರಮ ಕೇಳುತ್ತಿತ್ತು. ಕಾಲಂ ಆಯ್ದು ಫಾರ್ಮ್ಯಾಟ್ ಬದಲಿಸಿದರೆ ಆಯಿತಲ್ಲ ಎಂದುಕೊಂಡೆ. ಉಳಿಸುವಾಗ ಕೆಲವು ಅಂಶಗಳು ಕಳೆದುಹೋಗಬಹುದು ಎಂಬ ಎಚ್ಚರಿಕೆ ಬಂತು. ಬಣ್ಣ, ಗೆರೆ ಹೋಗುತ್ತವೆ, ಹೋಗಲಿ ಎಂದು ಒಪ್ಪಿಗೆ ಒತ್ತಿದೆ. ಅದೇ ಹೆಸರು, ಅದೇ ಜಾಗ. ಹಳೆಯದರ ಮೇಲೆ ಹೊಸದು ಕೂತಿತು.

ಇಲ್ಲಿ ಏನಾಯಿತೆಂದು ನಿಧಾನವಾಗಿ ಹೇಳಬೇಕು, ಯಾಕೆಂದರೆ ಹಾನಿಯೆಲ್ಲ ಕಣ್ಣಿಗೆ ಕಾಣದ ಕಡೆ ಆಗುತ್ತದೆ. ಸಿಎಸ್‌ವಿ ಎಂದರೆ ಅಲ್ಪವಿರಾಮ ಹಾಕಿದ ಬರೀ ಪಠ್ಯ. ಯಾವುದು ಸಂಖ್ಯೆ, ಯಾವುದು ದಿನಾಂಕ, ಯಾವುದು ಹೆಸರು ಎಂಬ ಮಾಹಿತಿ ಅದರೊಳಗೆ ಇರುವುದೇ ಇಲ್ಲ. ಡಬಲ್ ಕ್ಲಿಕ್ ಮಾಡಿದಾಗ ಎಕ್ಸೆಲ್ ಪ್ರತಿ ಕೋಶವನ್ನೂ ನೋಡಿ ತಾನೇ ಊಹಿಸುತ್ತದೆ. ಊಹಿಸಿದ್ದನ್ನು ತನ್ನ ಒಳಗಿನ ರೂಪಕ್ಕೆ ತಿರುಗಿಸಿ, ಮೂಲ ಅಕ್ಷರಗಳನ್ನು ಬಿಟ್ಟುಬಿಡುತ್ತದೆ. ತಿರುಗಿ ಸಿಎಸ್‌ವಿಯಾಗಿ ಉಳಿಸುವಾಗ ಪರದೆಯ ಮೇಲೆ ತೋರುತ್ತಿರುವುದನ್ನು ಬರೆಯುತ್ತದೆ. ಎರಡು ಹೆಜ್ಜೆ, ಎರಡರಲ್ಲೂ ನಷ್ಟ.

ಖಾತೆ ಸಂಖ್ಯೆಯ ಕಾಲಂ ನೋಡಿ. 16 ಅಂಕಿಯ 4020000356781234 ಎಂಬ ಸಂಖ್ಯೆ ಇದೆಯೆನ್ನಿ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನು ಮಾತ್ರ ನಿಖರವಾಗಿ ಇಟ್ಟುಕೊಳ್ಳುತ್ತದೆ. ತೆರೆದ ಕ್ಷಣದಲ್ಲೇ ಕೊನೆಯ 4 ಹೋಗಿ 0 ಬಂತು. ಅಷ್ಟಕ್ಕೇ ನಿಲ್ಲಲಿಲ್ಲ. 12 ಅಂಕಿ ಅಥವಾ ಅದಕ್ಕಿಂತ ಉದ್ದದ ಸಂಖ್ಯೆಯನ್ನು ಅದು ಘಾತರೂಪದಲ್ಲಿ ತೋರಿಸುತ್ತದೆ: 4.02ಇ+15. ಉಳಿಸಿದಾಗ ಫೈಲಿಗೆ ಹೋಗಿದ್ದು ಆ ಅಕ್ಷರಗಳೇ. ನಮ್ಮ ಖಾತೆಗಳೆಲ್ಲ 402000 ಎಂದೇ ಶುರುವಾಗುತ್ತಿದ್ದವು. ಹಾಗಾಗಿ ಸಾವಿರಾರು ಬೇರೆ ಬೇರೆ ಖಾತೆಗಳು ಒಂದೇ ಸಂಖ್ಯೆಯಾಗಿಬಿಟ್ಟವು. ಇದನ್ನು ಯಾವ ಸೂತ್ರದಿಂದಲೂ ಮರಳಿ ಪಡೆಯಲಾಗದು. ಆ ಅಂಕಿಗಳು ಫೈಲಿನಲ್ಲೇ ಇಲ್ಲ.

ಆವಕ ಸಂಖ್ಯೆಗಳಲ್ಲಿ 00427 ಇದ್ದದ್ದು 427 ಆಯಿತು. ಎಲ್ಲವೂ ಐದಂಕಿಯವಾಗಿದ್ದರೆ ಮುಂದೆ ಸೊನ್ನೆ ತುಂಬಿಸಬಹುದಿತ್ತು. ನಮ್ಮಲ್ಲಿ ಒಂದು ವಿಭಾಗ ನಾಲ್ಕಂಕಿ, ಇನ್ನೊಂದು ಐದಂಕಿ ಬಳಸುತ್ತಿತ್ತು. 0427 ಮತ್ತು 00427 ಎರಡು ಬೇರೆ ಪತ್ರಗಳು. ಈಗ ಎರಡೂ 427.

ಇನ್ನು ದಿನಾಂಕ. ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗ್ ಅಮೆರಿಕದ ಕ್ರಮದಲ್ಲಿತ್ತು, ಅಂದರೆ ತಿಂಗಳು ಮೊದಲು. 05/04/2019 ಎಂದರೆ ನಮಗೆ ಏಪ್ರಿಲ್ 5. ಯಂತ್ರ ಮೇ 4 ಎಂದು ಓದಿತು. 25/04/2019 ಬಂದಾಗ 25ನೆಯ ತಿಂಗಳು ಇಲ್ಲವಾದ್ದರಿಂದ ಅದನ್ನು ಪಠ್ಯವಾಗಿಯೇ ಬಿಟ್ಟಿತು. ಫಾರ್ಮ್ಯಾಟ್ ಬದಲಿಸಿದಾಗ ಕೆಲವು ಸಾಲು ಬದಲಾದವು, ಕೆಲವು ಬದಲಾಗಲಿಲ್ಲ. ಬದಲಾಗದವೇ ಕೆಟ್ಟವು ಎಂದುಕೊಂಡು ಅವನ್ನು ಸೂತ್ರ ಹಾಕಿ ಒಡೆದು ಸರಿಯಾದ ಕ್ರಮಕ್ಕೆ ಜೋಡಿಸಿದೆ. ನಿಜ ತಿರುಗುಮುರುಗಾಗಿತ್ತು. ಬದಲಾಗದೆ ಉಳಿದಿದ್ದವು ಸರಿಯಾಗಿದ್ದವು. ತಾವಾಗಿಯೇ ಬದಲಾದವು ತಪ್ಪಾಗಿದ್ದವು.

ಎಷ್ಟು ತಪ್ಪು? ಲೆಕ್ಕ ಹಾಕಿ ನೋಡಿ. ಪ್ರತಿ ತಿಂಗಳ ಮೊದಲ 12 ದಿನಗಳನ್ನು ತಿಂಗಳೆಂದೂ ಓದಬಹುದು; 12 ತಿಂಗಳಿಗೆ 144 ದಿನ. ಅದರಲ್ಲಿ ಜನವರಿ 1, ಫೆಬ್ರುವರಿ 2 ಹೀಗೆ ತಿರುಗಿಸಿದರೂ ಅದೇ ಆಗುವವು 12. ಉಳಿದ 132 ದಿನ ಸದ್ದಿಲ್ಲದೆ ತಪ್ಪು. ವರ್ಷದ 365ರಲ್ಲಿ 132 ಎಂದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಪತ್ರಕ್ಕೆ 30 ದಿನದಲ್ಲಿ ಉತ್ತರ ಹೋಗಬೇಕೆಂಬ ನಿಯಮವಿದ್ದರೆ, ಏಪ್ರಿಲ್ 5ರ ಪತ್ರದ ಗಡುವು ಮೇ 5. ತಪ್ಪು ದಿನಾಂಕದ ಪ್ರಕಾರ ಅದು ಜೂನ್ 3. ವ್ಯವಸ್ಥೆ ನಿಶ್ಚಿಂತೆಯಿಂದ ಹಸಿರು ಗುರುತು ತೋರಿಸುತ್ತಾ ಕೂತಿರುತ್ತದೆ, ಗಡುವು ದಾಟಿರುತ್ತದೆ.

ಇದನ್ನು ಅದೇ ದಿನ ಕಂಡಿದ್ದರೆ ದಿನಾಂಕಗಳಾದರೂ ಉಳಿಯುತ್ತಿದ್ದವು. ದಿನದ ಜಾಗದಲ್ಲಿ 12 ಅಥವಾ ಅದಕ್ಕಿಂತ ಕಡಿಮೆ ಇರುವ ಎಲ್ಲವನ್ನೂ ಒಮ್ಮೆ ತಿರುಗಿಸಿದರೆ ಮೂಲ ಬರುತ್ತದೆ, ಯಾಕೆಂದರೆ ತಪ್ಪು ಒಂದೇ ನಿಯಮದಂತೆ ಆಗಿದೆ. ಗೊತ್ತಾಗಿದ್ದು ಒಂದೂವರೆ ತಿಂಗಳ ನಂತರ. ಅಷ್ಟರಲ್ಲಿ ಸಿಬ್ಬಂದಿ ಕಣ್ಣಿಗೆ ಬಿದ್ದದ್ದನ್ನು ಅಲ್ಲೊಂದು ಇಲ್ಲೊಂದು ಕೈಯಿಂದ ಸರಿಪಡಿಸಿದ್ದರು, ಹೊಸ ಪತ್ರಗಳೂ ದಾಖಲಾಗಿದ್ದವು. ಯಾವುದು ತಿರುಗಿದ್ದು, ಯಾವುದು ಸರಿಯಾಗಿದ್ದು ಎಂದು ಯಂತ್ರಕ್ಕೆ ಹೇಳುವ ದಾರಿ ಉಳಿದಿರಲಿಲ್ಲ. ಹಳೆಯ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿ ಬೇರೆಯವರಿಗೆ ಕೊಟ್ಟಾಗಿತ್ತು. ಫೈಲು ಕ್ಲೌಡ್ ಫೋಲ್ಡರಿನಲ್ಲಿತ್ತು ನಿಜ, ಆದರೆ ಅಲ್ಲಿ ಹಿಂದಿನ ಆವೃತ್ತಿಗಳು 30 ದಿನ ಮಾತ್ರ ಇರುತ್ತಿದ್ದವು. ಕೊನೆಗೆ ನಮ್ಮನ್ನು ಕಾಪಾಡಿದ್ದು ಕಪಾಟಿನಲ್ಲಿದ್ದ ಕಾಗದದ ಆವಕ ವಹಿಗಳು. ಸಾಲು ಸಾಲಾಗಿ ಓದಿ ಹೇಳುವವರು ಒಬ್ಬರು, ತಿದ್ದುವವರು ಒಬ್ಬರು. ಇಂಥ ಎರಡು ಜೋಡಿ.

ಈ ಊಹೆಯ ಕಾಟ ಎಷ್ಟು ವ್ಯಾಪಕ ಎಂದರೆ, 2020ರಲ್ಲಿ ಮಾನವ ಜೀನ್‌ಗಳಿಗೆ ಹೆಸರು ಕೊಡುವ ಅಂತರರಾಷ್ಟ್ರೀಯ ಸಮಿತಿ ‘ಮಾರ್ಚ್1’, ‘ಸೆಪ್ಟ್1’ ಎಂಬ ಹೆಸರುಗಳನ್ನೇ ಬದಲಿಸಿತು. ಎಕ್ಸೆಲ್ ಅವನ್ನು ಮಾರ್ಚ್ 1, ಸೆಪ್ಟೆಂಬರ್ 1 ಎಂಬ ದಿನಾಂಕಗಳಾಗಿ ಮಾಡುತ್ತಿತ್ತು. ವಿಜ್ಞಾನಿಗಳು ಎಷ್ಟೋ ವರ್ಷ ಒದ್ದಾಡಿ ಕೊನೆಗೆ ಹೆಸರನ್ನೇ ಬಿಟ್ಟುಕೊಟ್ಟರು.

ಹಾಗಾದರೆ ಸರಿಯಾದ ದಾರಿ. ಎಕ್ಸೆಲ್‌ನಲ್ಲಿ ಖಾಲಿ ವರ್ಕ್‌ಬುಕ್ ತೆರೆದು ‘ಡೇಟಾ’ ಟ್ಯಾಬ್‌ನಲ್ಲಿ ‘ಫ್ರಮ್ ಟೆಕ್ಸ್ಟ್/ಸಿಎಸ್‌ವಿ’ ಆರಿಸಿ. ಮುನ್ನೋಟದಲ್ಲಿ ‘ಫೈಲ್ ಆರಿಜಿನ್’ ಅನ್ನು 65001 ಯೂನಿಕೋಡ್ ಯುಟಿಎಫ್-8 ಎಂದಿಡಿ. ‘ಡೇಟಾ ಟೈಪ್ ಡಿಟೆಕ್ಷನ್’ ಎಂಬಲ್ಲಿ ‘ಡು ನಾಟ್ ಡಿಟೆಕ್ಟ್’ ಆರಿಸಿ, ‘ಟ್ರಾನ್ಸ್‌ಫಾರ್ಮ್ ಡೇಟಾ’ ಒತ್ತಿ. ಈಗ ಎಲ್ಲವೂ ಪಠ್ಯವಾಗಿಯೇ ಬರುತ್ತದೆ. ಮೊದಲ ಸಾಲನ್ನು ತಲೆಬರಹ ಮಾಡಲು ‘ಯೂಸ್ ಫಸ್ಟ್ ರೋ ಆಸ್ ಹೆಡರ್ಸ್’ ಒತ್ತುತ್ತೀರಿ. ಎಚ್ಚರ, ಬಹಳ ಜನ ಎಡವುವುದು ಇಲ್ಲೇ: ಅದನ್ನು ಒತ್ತಿದ ಕೂಡಲೇ ಬಲಗಡೆಯ ಹೆಜ್ಜೆಗಳ ಪಟ್ಟಿಯಲ್ಲಿ ‘ಚೇಂಜ್ಡ್ ಟೈಪ್’ ಎಂಬ ಹೆಜ್ಜೆ ತಾನಾಗಿ ಸೇರಿಕೊಳ್ಳುತ್ತದೆ, ಹಳೆಯ ಊಹೆಯೆಲ್ಲ ಹಿಂಬಾಗಿಲಿನಿಂದ ವಾಪಸ್ ಬರುತ್ತದೆ. ಆ ಹೆಜ್ಜೆಯ ಪಕ್ಕದ ಗುಣಾಕಾರ ಗುರುತು ಒತ್ತಿ ಅಳಿಸಿ. ಆಮೇಲೆ ದಿನಾಂಕದ ಕಾಲಂ ಮೇಲೆ ಬಲಕ್ಲಿಕ್ ಮಾಡಿ, ‘ಚೇಂಜ್ ಟೈಪ್’, ‘ಯೂಸಿಂಗ್ ಲೊಕೇಲ್’, ವಿಧ ‘ಡೇಟ್’, ಲೊಕೇಲ್ ದಿನ ಮೊದಲು ಬರುವ ಯಾವುದಾದರೂ, ಉದಾಹರಣೆಗೆ ಇಂಗ್ಲಿಷ್ ಯುನೈಟೆಡ್ ಕಿಂಗ್‌ಡಮ್. ಓದಲಾಗದ ದಿನಾಂಕ ಈಗ ‘ಎರರ್’ ಎಂದು ಕೂಗಿ ಹೇಳುತ್ತದೆ. ಬೇಕಾಗಿರುವುದು ಅದೇ. ಮೊತ್ತದ ಕಾಲಂ ಒಂದನ್ನು ಸಂಖ್ಯೆ ಮಾಡಿ, ಉಳಿದದ್ದೆಲ್ಲ ಪಠ್ಯವಾಗಿರಲಿ. ಕೂಡಿಸುವ, ಕಳೆಯುವ ಅಗತ್ಯ ಬೀಳದ ಅಂಕಿಗಳೆಲ್ಲ ಪಠ್ಯವೇ: ಖಾತೆ ಸಂಖ್ಯೆ, ಫೋನ್ ಸಂಖ್ಯೆ, ಕಡತ ಸಂಖ್ಯೆ, ಪಿನ್.

ಲಿಬ್ರೆಆಫೀಸ್ ಕ್ಯಾಲ್ಕ್ ಇದ್ದರೆ ಕೆಲಸ ಇನ್ನೂ ಸುಲಭ. ಅದು ಸಿಎಸ್‌ವಿ ತೆರೆಯುವಾಗಲೇ ಪ್ರತಿ ಕಾಲಂ ಏನೆಂದು ಕೇಳುತ್ತದೆ, ಪಠ್ಯ ಎಂದೋ ದಿನ-ತಿಂಗಳು-ವರ್ಷ ಎಂದೋ ಹೇಳಿದರಾಯಿತು. ಗೂಗಲ್ ಶೀಟ್ಸ್‌ನಲ್ಲಿ ಆಮದು ಮಾಡುವಾಗ ಪಠ್ಯವನ್ನು ಸಂಖ್ಯೆ, ದಿನಾಂಕ, ಸೂತ್ರಗಳಾಗಿ ಪರಿವರ್ತಿಸುವ ಪೆಟ್ಟಿಗೆಯ ಗುರುತು ತೆಗೆಯಿರಿ. ಹೊಸ ಮೈಕ್ರೋಸಾಫ್ಟ್ 365 ಇದ್ದರೆ ‘ಆಪ್ಷನ್ಸ್’ ಒಳಗೆ ‘ಡೇಟಾ’ ಭಾಗದಲ್ಲಿ ಸ್ವಯಂಚಾಲಿತ ಪರಿವರ್ತನೆಗಳನ್ನು ಒಂದೊಂದಾಗಿ ಆಫ್ ಮಾಡುವ ಆಯ್ಕೆಗಳಿವೆ. ಆಫೀಸಿನ ಎಲ್ಲ ಕಂಪ್ಯೂಟರುಗಳಲ್ಲೂ ಆಫ್ ಮಾಡಿಸಿ, ಬರೀ ನಿಮ್ಮದರಲ್ಲಲ್ಲ.

ನನ್ನ ಫೈಲಿನಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿತ್ತು. ನಿಮ್ಮದರಲ್ಲಿ ಕನ್ನಡ ಹೆಸರುಗಳಿದ್ದರೆ ಇನ್ನೊಂದು ಬಲೆ ಇದೆ. ಉಳಿಸುವಾಗ ಬರೀ ‘ಸಿಎಸ್‌ವಿ’ ಎಂದು ಆರಿಸಿದರೆ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತವೆ. ‘ಸಿಎಸ್‌ವಿ ಯುಟಿಎಫ್-8’ ಎಂಬುದು ಅದೇ ಪಟ್ಟಿಯಲ್ಲಿ ಬೇರೆಯಾಗಿ ಇರುತ್ತದೆ, ಅದನ್ನೇ ಆರಿಸಿ. ಉಳಿಸಿದ್ದು ಸರಿಯಾಗಿದೆಯೇ ಎಂದು ನೋಡಲು ತಿರುಗಿ ಎಕ್ಸೆಲ್‌ನಲ್ಲಿ ತೆರೆಯಬೇಡಿ, ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಅದು ಏನನ್ನೂ ಊಹಿಸುವುದಿಲ್ಲ.

ಸಾಗಿಸುವ ಮೊದಲೂ ಆಮೇಲೂ ಹೋಲಿಸಲು ಐದು ಲೆಕ್ಕ ಒಂದು ಹಾಳೆಯ ಮೇಲೆ ಬರೆದಿಡಿ: ಒಟ್ಟು ಸಾಲುಗಳು, ಮೊತ್ತದ ಕಾಲಂನ ಒಟ್ಟು, ಪ್ರತಿ ಕಾಲಂನಲ್ಲಿ ಖಾಲಿ ಕೋಶಗಳು ಎಷ್ಟು, ಖಾತೆ ಸಂಖ್ಯೆಗಳಲ್ಲಿ ಬೇರೆ ಬೇರೆಯಾದವು ಎಷ್ಟು, ಅತಿ ಹಳೆಯ ಮತ್ತು ಅತಿ ಹೊಸ ದಿನಾಂಕ. ನಾನು ಮೊದಲೆರಡನ್ನು ಮಾತ್ರ ನೋಡಿದ್ದೆ. ಎರಡೂ ಹೊಂದಿದ್ದವು, ಎಲ್ಲ ಸರಿ ಎಂದುಕೊಂಡೆ. ನಾಲ್ಕನೆಯದನ್ನು ನೋಡಿದ್ದರೆ ಸಾವಿರಾರು ಖಾತೆಗಳು ಒಂದಕ್ಕೆ ಇಳಿದದ್ದು ಎರಡು ನಿಮಿಷದಲ್ಲಿ ತಿಳಿಯುತ್ತಿತ್ತು. ಆವಕ ವಹಿಗೆ ಇನ್ನೊಂದು ಪರೀಕ್ಷೆ ಸೇರಿಸಿ. ಆವಕ ಸಂಖ್ಯೆ ಏರುತ್ತಾ ಹೋದಂತೆ ದಿನಾಂಕ ಹಿಂದಕ್ಕೆ ಹೋಗಬಾರದು. ವಿಭಾಗವಾರು ಆವಕ ಸಂಖ್ಯೆಯ ಕ್ರಮದಲ್ಲಿ ಜೋಡಿಸಿ, ಪ್ರತಿ ದಿನಾಂಕವನ್ನು ಮೇಲಿನ ಸಾಲಿನದರೊಡನೆ ಹೋಲಿಸುವ ಒಂದು ಸೂತ್ರ ಎಳೆದರೆ, ತಿರುಗಿದ ದಿನಾಂಕಗಳು ಅಲ್ಲೇ ಸಿಕ್ಕಿಬೀಳುತ್ತವೆ.

ಸಾಲುಗಳ ಎಣಿಕೆಯನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಹಳೆಯ ಎಕ್ಸ್‌ಎಲ್‌ಎಸ್ ರೂಪದ ಹಾಳೆಯಲ್ಲಿ 65,536 ಸಾಲು ಮಾತ್ರ ಹಿಡಿಸುತ್ತದೆ. ಈಗಿನ ಎಕ್ಸ್‌ಎಲ್‌ಎಸ್‌ಎಕ್ಸ್‌ನಲ್ಲಿ 10,48,576. 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವೆ ಇಂಗ್ಲೆಂಡಿನಲ್ಲಿ 15,841 ಕೋವಿಡ್ ಪ್ರಕರಣಗಳು ದಿನದ ಲೆಕ್ಕದಿಂದ ಬಿಟ್ಟುಹೋದದ್ದು ಪ್ರಯೋಗಾಲಯಗಳ ಫಲಿತಾಂಶಗಳನ್ನು ಆ ಹಳೆಯ ರೂಪದ ಹಾಳೆಗೆ ತುಂಬಿದ್ದರಿಂದ. ತುಂಬಿದ ಮೇಲೆ ಉಳಿದ ಸಾಲುಗಳು ಹೊರಗೇ ಉಳಿದವು. ಆ ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವುದು ಅಷ್ಟು ದಿನ ತಡವಾಯಿತು.

ನಿಮ್ಮ ಎಕ್ಸೆಲ್ ಫೈಲುಗಳಲ್ಲಿ ಬಣ್ಣಗಳಿವೆಯೇ? ಇದ್ದೇ ಇರುತ್ತವೆ. ಹಳದಿ ಎಂದರೆ ಬಾಕಿ, ಕೆಂಪು ಎಂದರೆ ತಕರಾರು, ಹಸಿರು ಎಂದರೆ ಮುಗಿದದ್ದು. ಆ ಭಾಷೆ ಬಲ್ಲವರು ಆಫೀಸಿನಲ್ಲಿ ಒಬ್ಬರೋ ಇಬ್ಬರೋ. ಸಿಎಸ್‌ವಿಗೆ ಬಣ್ಣ ಹೋಗುವುದಿಲ್ಲ, ಕೋಶಕ್ಕೆ ಅಂಟಿಸಿದ ಟಿಪ್ಪಣಿ ಹೋಗುವುದಿಲ್ಲ, ಎದುರಿಗಿರುವ ಒಂದು ಹಾಳೆ ಬಿಟ್ಟು ಬೇರೆ ಹಾಳೆ ಹೋಗುವುದಿಲ್ಲ. ಬಣ್ಣದ ಮೇಲೆ ಫಿಲ್ಟರ್ ಹಾಕಿ, ಪಕ್ಕದಲ್ಲಿ ‘ಸ್ಥಿತಿ’ ಎಂಬ ಹೊಸ ಕಾಲಂ ಮಾಡಿ, ಅಕ್ಷರದಲ್ಲಿ ಬರೆಯಿರಿ. ಬೆಸೆದ ಕೋಶಗಳನ್ನು ಬಿಡಿಸಿ ಪ್ರತಿ ಸಾಲಿನಲ್ಲೂ ಪೂರ್ತಿ ಮಾಹಿತಿ ತುಂಬಿ. ಹೆಸರುಗಳ ಕೊನೆಯಲ್ಲಿ ಅಂಟಿಕೊಂಡ ಖಾಲಿ ಜಾಗವನ್ನು ‘ಟ್ರಿಮ್’ ತೆಗೆಯುತ್ತದೆ. ಆದರೆ ವೆಬ್ ಪುಟದಿಂದ ನಕಲು ಮಾಡಿದ ಪಠ್ಯದಲ್ಲಿ 160ನೆಯ ಸಂಕೇತದ ಖಾಲಿ ಜಾಗ ಇರುತ್ತದೆ, ಅದನ್ನು ‘ಟ್ರಿಮ್’ ಮುಟ್ಟುವುದಿಲ್ಲ. ‘ಸಬ್‌ಸ್ಟಿಟ್ಯೂಟ್’ ಬಳಸಿ ಮೊದಲು ಅದನ್ನು ಮಾಮೂಲಿ ಜಾಗ ಮಾಡಿ, ಆಮೇಲೆ ‘ಟ್ರಿಮ್’. ಇದನ್ನು ಮಾಡದಿದ್ದರೆ ಒಬ್ಬರೇ ಮನುಷ್ಯ ಹೊಸ ವ್ಯವಸ್ಥೆಯಲ್ಲಿ ಮೂವರಾಗುತ್ತಾರೆ.

ಈಗ ನಿಮ್ಮ ಪ್ರಶ್ನೆಯ ಬುಡಕ್ಕೆ ಬರುತ್ತೇನೆ. ಹತ್ತು ವರ್ಷದ್ದೆಲ್ಲ ಯಾಕೆ ಸಾಗಿಸಬೇಕು? ಬೇಡ ಎಂದೇ ನನ್ನ ಅಭಿಪ್ರಾಯ. ಇನ್ನೂ ಮುಗಿಯದ ವಿಷಯಗಳು ಮತ್ತು ಕಳೆದ ಎರಡು ವರ್ಷದ ದಾಖಲೆಗಳು ಹೊಸದಕ್ಕೆ ಹೋಗಲಿ. ಉಳಿದ ಎಂಟು ವರ್ಷದ್ದನ್ನು ಇದ್ದ ಹಾಗೇ, ಓದಲು ಮಾತ್ರ ಅನುಮತಿ ಕೊಟ್ಟು, ಒಂದು ಫೋಲ್ಡರಿನಲ್ಲಿ ಮುಚ್ಚಿಡಿ. ಯಾರಾದರೂ ಹಳೆಯದನ್ನು ಕೇಳಿದಾಗ ಅಲ್ಲಿಂದ ಹುಡುಕಿ ಕೊಡಿ. ಹತ್ತು ವರ್ಷದಲ್ಲಿ ಕಡತ ಸಂಖ್ಯೆಯ ಪದ್ಧತಿಯೇ ಎರಡು ಮೂರು ಸಲ ಬದಲಾಗಿರುತ್ತದೆ. ಅದನ್ನೆಲ್ಲ ಒಂದೇ ಅಚ್ಚಿಗೆ ಹಾಕಲು ಹೊರಟರೆ ಹೊಸ ತಪ್ಪುಗಳೇ ಹುಟ್ಟುತ್ತವೆ.

ಒಂದು ವಾರವೂ ಸಾಲದು. ಆಮದು ಮಾಡುವುದು ಒಂದು ದಿನದ ಕೆಲಸ; ಶುಚಿ ಮಾಡುವುದಕ್ಕೆ ಮೂರು ವಾರ ಕೇಳಿ. ಆಮೇಲೆ ಒಂದು ಪೂರ್ತಿ ತಿಂಗಳು, ತಿಂಗಳ ಕೊನೆಯ ಲೆಕ್ಕ ಮುಗಿಯುವವರೆಗೆ, ಹಳೆಯದೂ ಹೊಸದೂ ಜೊತೆಯಲ್ಲಿ ನಡೆಯಲಿ. ಎರಡು ಕಡೆ ದಾಖಲಿಸುವುದು ತಲೆನೋವು, ಸಿಬ್ಬಂದಿ ಗೊಣಗುತ್ತಾರೆ. ಆದರೂ ಇದನ್ನು ಬಿಟ್ಟುಕೊಡಬೇಡಿ. ತಪ್ಪುಗಳು ಹೊರಬೀಳುವುದು ತಿಂಗಳ ಕೊನೆಯ ತಾಳೆಯಲ್ಲೇ ಹೊರತು ಮೊದಲ ವಾರದ ಉತ್ಸಾಹದಲ್ಲಲ್ಲ.

ಕಾಗದದ ವಹಿಯ ಬಗ್ಗೆ ಒಂದು ಮಾತು, ಅದು ಹಳೆಯ ಕಾಲದ ಕಸ ಎಂದು ಈಗ ಎಲ್ಲರೂ ಹೇಳುತ್ತಾರೆ. ಆ ವಹಿಗೆ ಪುಟಸಂಖ್ಯೆ ಅಚ್ಚಾಗಿರುತ್ತಿತ್ತು, ಹಾಳೆ ಹರಿದರೆ ಗೊತ್ತಾಗುತ್ತಿತ್ತು. ತಪ್ಪಾದರೆ ಅಳಿಸುವಂತಿರಲಿಲ್ಲ, ಅಡ್ಡಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಚಿಕ್ಕ ಸಹಿ ಹಾಕಬೇಕಿತ್ತು. ಏನಿತ್ತು, ಏನಾಯಿತು, ಯಾರು ಮಾಡಿದರು ಎಂಬ ಮೂರೂ ಒಂದೇ ಸಾಲಿನಲ್ಲಿ ಉಳಿಯುತ್ತಿದ್ದವು. ನನ್ನ 18,000 ಸಾಲುಗಳನ್ನು ಯಂತ್ರ ತಿದ್ದಿದಾಗ ಒಂದು ಅಡ್ಡಗೆರೆಯೂ ಇರಲಿಲ್ಲ, ಸಹಿಯೂ ಇರಲಿಲ್ಲ. ಆ ಶಿಸ್ತನ್ನು ಹೊಸ ವ್ಯವಸ್ಥೆಯಲ್ಲಿ ನೀವೇ ಕಟ್ಟಬೇಕು. ತಿದ್ದುವ ಅಧಿಕಾರ ಇಬ್ಬರಿಗೆ, ಉಳಿದವರಿಗೆ ನೋಡುವ ಅಧಿಕಾರ. ಒಂದೇ ಲಾಗಿನ್ ಅನ್ನು ಐದು ಜನ ಹಂಚಿಕೊಳ್ಳುವುದು ಖಂಡಿತ ಬೇಡ. ಹಾಗೆ ಮಾಡಿದರೆ ಬದಲಾವಣೆಯ ದಾಖಲೆಯಲ್ಲಿ ಎಲ್ಲವೂ ಒಂದೇ ಹೆಸರಿನಲ್ಲಿ ಇರುತ್ತದೆ, ಇದ್ದೂ ಇಲ್ಲದಂತೆ. ಫೈಲುಗಳ ಒಡೆತನ ಆಫೀಸಿನ ಖಾತೆಯಲ್ಲಿರಲಿ. ಯಾರದೋ ಸ್ವಂತ ಖಾತೆಯಲ್ಲಿದ್ದರೆ ಅವರು ಕೆಲಸ ಬಿಟ್ಟು ಆ ಖಾತೆ ಅಳಿಸಿದ ದಿನ ಫೈಲುಗಳೂ ಹೋಗುತ್ತವೆ. ಚಾಟ್‌ನಲ್ಲಿ ಸಾಹೇಬರು ‘ಸರಿ, ಮಾಡಿ’ ಎಂದದ್ದನ್ನು ಅದೇ ದಿನ ಆ ದಾಖಲೆಯ ಷರಾ ಕಾಲಂಗೆ ದಿನಾಂಕ ಸಮೇತ ಬರೆಯಿರಿ.

ಕ್ಲೌಡ್ ಫೋಲ್ಡರ್ ಇದೆಯಲ್ಲ, ಬ್ಯಾಕಪ್ ಯಾಕೆ ಎಂದು ಕೇಳುವವರು ಇದ್ದೇ ಇರುತ್ತಾರೆ. ಅದು ಸಿಂಕ್, ಬ್ಯಾಕಪ್ ಅಲ್ಲ. ಇಲ್ಲಿ ಹಾಳಾದದ್ದು ಕೆಲವೇ ಸೆಕೆಂಡಿನಲ್ಲಿ ಅಲ್ಲೂ ಹಾಳಾಗುತ್ತದೆ. ಗೂಗಲ್ ಡ್ರೈವ್‌ನಲ್ಲಿ ಅಳಿಸಿದ ಫೈಲು ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ. ಕಚೇರಿಗಳ ಒನ್‌ಡ್ರೈವ್‌ನಲ್ಲಿ ಸಾಮಾನ್ಯವಾಗಿ 93 ದಿನ. ಅದಕ್ಕೇ ಮೂರು ಪ್ರತಿ ಇಡಿ, ಎರಡು ಬಗೆಯ ಮಾಧ್ಯಮದಲ್ಲಿ, ಒಂದು ಕಟ್ಟಡದ ಹೊರಗೆ. ಹಳೆಯ ಪ್ರೋಗ್ರಾಂನಿಂದ ಹೊರಬಂದ ಫೈಲನ್ನು ತೆರೆಯುವ ಮುಂಚೆಯೇ, ಪ್ರಾಪರ್ಟೀಸ್‌ನಲ್ಲಿ ‘ರೀಡ್ ಓನ್ಲಿ’ ಮಾಡಿ ‘01-ಮೂಲ’ ಎಂಬ ಫೋಲ್ಡರಿಗೆ ಹಾಕಿ. ಕೆಲಸವೆಲ್ಲ ‘02-ಶುಚಿ’ಯಲ್ಲಿ, ಪ್ರತಿಯ ಮೇಲೆ. ಹೊಸ ವ್ಯವಸ್ಥೆಗೆ ಹೋಗುವುದು ‘03-ಆಮದು’ ಫೋಲ್ಡರಿನಿಂದ. ಹೆಸರಿನ ಮೊದಲಿಗೆ ದಿನಾಂಕ ವರ್ಷ-ತಿಂಗಳು-ದಿನ ಕ್ರಮದಲ್ಲಿರಲಿ, ಆಗ ಫೈಲುಗಳು ತಾವಾಗಿ ಕಾಲಕ್ರಮದಲ್ಲಿ ನಿಲ್ಲುತ್ತವೆ. ‘ಫೈನಲ್’, ‘ಫೈನಲ್-2’, ‘ನಿಜವಾದ ಫೈನಲ್’ ಎಂಬ ಹೆಸರುಗಳು ಬೇಡ.

ಸಾಫ್ಟ್‌ವೇರ್ ಆಯ್ಕೆಗೆ ನನ್ನದು ಒಂದೇ ಪರೀಕ್ಷೆ. ಮಾರುವವರ ಎದುರಿಗೇ ಮಾದರಿಯಾಗಿ ನೂರು ಸಾಲು ಒಳಗೆ ಹಾಕಿಸಿ. ಅದರಲ್ಲಿ 00427, 16 ಅಂಕಿಯ ಒಂದು ಖಾತೆ, ಒಂದು ಕನ್ನಡ ಹೆಸರು, 05/04 ಮತ್ತು 25/04 ಎಂಬ ಎರಡು ದಿನಾಂಕ, ಒಂದು ಲಗತ್ತು ಇರಲಿ. ಅದೇ ಗಂಟೆಯಲ್ಲಿ, ಅವರ ಸಹಾಯವಿಲ್ಲದೆ, ಎಲ್ಲವನ್ನೂ ಹೊರತೆಗೆದು ಕೊಡಲು ನಿಮ್ಮ ಸಹೋದ್ಯೋಗಿಗೆ ಹೇಳಿ. ಲಗತ್ತು, ಬದಲಾವಣೆಯ ಇತಿಹಾಸ ಸಮೇತ. ಹಾಕಿದ್ದು ಹಾಗೇ ಹೊರಬಂದರೆ ಆ ಸಾಫ್ಟ್‌ವೇರ್ ಕೊಳ್ಳಬಹುದು. ಅದಕ್ಕೆ ಪ್ರತ್ಯೇಕ ಶುಲ್ಕ, ಪ್ರತ್ಯೇಕ ಅರ್ಜಿ ಎಂದರೆ, ಉಳಿದ ಸೌಲಭ್ಯ ಎಷ್ಟೇ ಚಂದ ಇರಲಿ, ಬೇಡ ಎನ್ನಿ. ಎರಡೂ ಪಾಸಾದರೆ ಸಿಬ್ಬಂದಿಗೆ ಯಾವುದು ಸಲೀಸೋ ಅದನ್ನೇ ತೆಗೆದುಕೊಳ್ಳಿ.

ಹಳೆಯ ಕಂಪ್ಯೂಟರನ್ನು ಕನಿಷ್ಠ ಎರಡು ತಿಂಗಳ ಕೊನೆಯ ಲೆಕ್ಕ ತಾಳೆಯಾಗುವವರೆಗೆ ಯಾರಿಗೂ ಕೊಡಬೇಡಿ. ಅದರ ಮೇಲೆ ‘ಅಳಿಸಬಾರದು’ ಎಂದು ಕಾಗದ ಅಂಟಿಸಿ, ದಿನಾಂಕ ಬರೆದು ಸಹಿ ಹಾಕಿ.